ಬಿಳಿ ಮಣ್ಣಿನ ಖೋರ್

ನವೆಂಬರ್ 9, ಶನಿವಾರ

ಇಳಿತ ಶುರುವಾಗುವ ಹೊತ್ತಿಗೆ ಖೋರಿನಲ್ಲಿದ್ದೆ; ಸಮುದ್ರದ ಹಿನ್ನೀರಿಗೆ ಇಲ್ಲಿ ಹಾಗೆ ಹೇಳುತ್ತಾರೆ. ಮೂರು ಶೇರಿ ಮೀನು ಸಿಕ್ಕಿತು. ಒಂದು ದೊಡ್ಡ ಹಮೂರ್ ಮೀನು ಕಲ್ಲಿನ ಸಂದಿಗೆ ನುಗ್ಗಿ ದಾರ ತುಂಡು ಮಾಡಿತು, ದರಿದ್ರದ್ದು. ಸಮುದ್ರದ ನೀರು ಒಳಗೆ ಬಂದು ತಿರುಗುವ ಮೂಲೆ, ಕಾಂಡ್ಲಾ ಗಿಡದ ಬೇರಿನ ಬುಡದಲ್ಲಿ ಏಡಿ ತೂತು, ದಡದಲ್ಲಿ ಅಲುಗದೆ ನಿಂತ ಬೆಳ್ಳಕ್ಕಿ... ಇಷ್ಟಿದ್ದರೆ ಸಾಕು, ಮೀನು ಉಂಟು. ಈ ಜಾಗ ಯಾರಿಗೂ ಹೇಳಿಲ್ಲ. ಮಗಳು ಒಲಿವಿಯಾ ಸಣ್ಣವಳಿದ್ದಾಗ ಜೊತೆಗೆ ಬರುತ್ತಿದ್ದಳು, ಅಷ್ಟೇ.

ಕುಸೈಸ್‌ನ ಮನೆಗೆ ವಾಪಸ್ ಬಂದರೆ ಒಲಿವಿಯಾ ಸೋಫಾದಲ್ಲಿ ಒಬ್ಬನನ್ನು ಕೂರಿಸಿಕೊಂಡಿದ್ದಾಳೆ. ಸುಜಿತ್. ಜೆಎಲ್‌ಟಿಯಲ್ಲಿ ಇವಳದ್ದೇ ಆಫೀಸು, ಅಕೌಂಟ್ಸ್. ಉಡುಪಿ ಕಡೆಯ ತುಳುವ. ಹಿಂದೂ. ನಾವು ಕ್ಯಾಥೊಲಿಕರು. ಮದುವೆಯಾಗುತ್ತಾರಂತೆ.

"ನಿಮ್ಮ ಒಪ್ಪಿಗೆ ಇಲ್ದೆ ಬೇಡ ಅಂಕಲ್" ಅಂದ.

ಇಲ್ಲ ಅಂದುಬಿಟ್ಟರೆ ಮಗಳು ರಂಪ ಮಾಡುತ್ತಾಳೆ. ಅದಕ್ಕೇ ಹೇಳಿದೆ — "ನಮ್ಮಲ್ಲಿ ಒಂದು ಪದ್ಧತಿ ಉಂಟು. ಅಳಿಯ ಆಗುವವ ತಾನೇ ಹಿಡಿದ ದೊಡ್ಡ ಮೀನು ತಂದು ಹುಡುಗಿಯ ತಾಯಿ ಕೈಗೆ ಕೊಡ್ಬೇಕು. ಆಮೇಲೆಯೇ ಮಾತುಕತೆ."

ಅಂಥ ಪದ್ಧತಿ ಯಾವ ಇಗರ್ಜಿಯವರಲ್ಲೂ ಇಲ್ಲ. ಬಾಯಿ ತೆರೆದಾಗ ಹುಟ್ಟಿತು. ಒಲಿವಿಯಾ ಬೆಳೆದದ್ದೇ ದುಬೈಯಲ್ಲಿ, ಅವಳಿಗೇನು ಗೊತ್ತು. ಕಾರ್ಮಿನ್ ಅಡುಗೆಮನೆಯಿಂದ ಇಣುಕಿದಳು. ಕಣ್ಣು ಬಿಟ್ಟೆ. ಒಳಗೆ ಹೋದಳು. ಹೆಂಡತಿಗೆ ಅಷ್ಟಾದರೂ ಅರ್ಥವಾಗುತ್ತದೆ.

"ಆಗ್ಲಿ ಅಂಕಲ್. ಗಾಳ ಹಾಕ್ಲಿಕ್ಕೆ ನೀವೇ ಕಲಿಸ್ಬೇಕು" ಅಂದ. ಕಲಿಸುವ, ಕಲಿಸುವ.

ನವೆಂಬರ್ 16, ಶನಿವಾರ

ಅವನನ್ನು ಇನ್ನೊಂದು ಖೋರಿಗೆ ಕರೆದುಕೊಂಡು ಹೋದೆ. ಯಾವುದೋ ಪ್ರಾಜೆಕ್ಟಿಗೆ ಅಗೆದು ಅರ್ಧಕ್ಕೆ ಬಿಟ್ಟದ್ದು. ಬಾಯಿಗೆ ಮರಳು ತುಂಬಿ ಸಮುದ್ರದ ನೀರು ಒಳಗೆ ಬರುವುದಿಲ್ಲ. ಸುತ್ತ ಬಿಳಿ ಮಣ್ಣು. ಏಡಿ ಇಲ್ಲ, ಹಕ್ಕಿ ಇಲ್ಲ. ನೋಡಲಿಕ್ಕೆ ಮಾತ್ರ ಚಂದ, ನೀಲಿ ನೀಲಿ.

"ನೀರು ಅಲುಗದಿದ್ರೆ ದೊಡ್ಡ ಮೀನು ನೆಮ್ಮದಿಯಲ್ಲಿ ಇರ್ತದೆ" ಅಂದೆ. "ಹಕ್ಕಿ ಇದ್ರೆ ಹೆದರಿ ಓಡ್ತದೆ."

ಫೋನಿನಲ್ಲಿ ಬರೆದುಕೊಂಡ! ಅಕೌಂಟೆಂಟ್ ಅಲ್ಲವಾ.

ಕೂರಲಿಕ್ಕೆ ಎರಡು ಕಲ್ಲು ಉರುಳಿಸಿ ತಂದ. ಒಂದು ಅವನಿಗೆ, ಒಂದು ನನಗೆ. ನಾನು ಕಾರಿನಲ್ಲಿ ಎಸಿ ಹಾಕಿ ಮಲಗಿದೆ.

ನವೆಂಬರ್ 30

ಏನೂ ಇಲ್ಲ. ಬಿಸಿಲಿಗೆ ಅವನ ಮೂಗಿನ ಚರ್ಮ ಸುಲಿದಿದೆ. ಆದರೂ ನಗುತ್ತಾನೆ.

ಮಾರ್ಕೆಟ್‌ನಿಂದ ಕೊಂಡು ತರುತ್ತಾನೆ ಅಂದುಕೊಂಡಿದ್ದೆ. ಐಸಿನಲ್ಲಿ ಇಟ್ಟ ಮೀನಿನ ಕಣ್ಣು ನೋಡಿದರೆ ನನಗೆ ಗೊತ್ತಾಗುತ್ತದೆ, ಎಲ್ಲರ ಎದುರು ಮರ್ಯಾದೆ ತೆಗೆಯಬಹುದಿತ್ತು. ತರಲಿಲ್ಲ. ಖಾಲಿ ಕೂಲರ್ ಹಿಡಿದುಕೊಂಡು ಬಂದು ಕಾರ್ಮಿನ್‌ಗೆ "ಸಾರಿ ಆಂಟಿ" ಅಂದ. ಇವನ ಪ್ರಾಮಾಣಿಕತೆ ನೋಡಿದರೆ ಮೈ ಉರಿಯುತ್ತದೆ.

ಡಿಸೆಂಬರ್ 14, ಶನಿವಾರ

ಗಾಳ ಅವನ ಹೆಬ್ಬೆರಳಿಗೆ ನೆಟ್ಟಿತು, ಆಳಕ್ಕೆ. ಮೊನೆ ದಾಟಿಸಿ ತುದಿ ಕತ್ತರಿಸಿ ತೆಗೆಯಬೇಕು. ಪ್ಲೈಯರ್ ನನ್ನ ಬ್ಯಾಗಿನಲ್ಲೇ ಇತ್ತು. ತೆಗೆಯಲಿಲ್ಲ. ಬಂದ ದಾರಿಯಲ್ಲೇ ಎಳೆದೆ. ಮಾಂಸ ಸಮೇತ ಬಂತು.

ಕಿರುಚಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು. "ಥ್ಯಾಂಕ್ಯೂ ಅಂಕಲ್" ಅಂದ.

ಖುಷಿಯಾಯಿತು. ಯಾರೂ ಓದುವುದಿಲ್ಲವಲ್ಲ, ಬರೆದೇಬಿಡುತ್ತೇನೆ — ಖುಷಿಯಾಯಿತು.

ಕಾರ್ಮಿನ್ ಡ್ರೆಸ್ಸಿಂಗ್ ಮಾಡಿದಳು. ನರ್ಸ್ ಅಲ್ಲವಾ, ಗಾಯ ನೋಡಿದ ಕೂಡಲೇ ನನ್ನ ಮುಖ ನೋಡಿದಳು. "ಸಾಕು ಮಾಡಿ. ಪಾಪದ ಹುಡುಗ" ಅಂದಳು, ಅವನು ಹೋದ ಮೇಲೆ. ಅವನು ಹೊರಡುವ ಮೊದಲು ಒಲಿವಿಯಾ ಬಾಗಿಲಲ್ಲಿ ಬಗ್ಗಿ ಅವನ ಶೂ ಒರೆಸಿದ್ದಳು. ಸೇವೆ ನೋಡಿ, ಈಗಲೇ.

ಜನವರಿ 4

ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿ ತಿಂದು ಹೋಗಿದ್ದ. ಇವತ್ತು ಮತ್ತೆ ಹಾಜರು. ಗಾಳ ಎಸೆಯುವುದನ್ನು ಚೆನ್ನಾಗಿಯೇ ಕಲಿತಿದ್ದಾನೆ. ಸತ್ತ ನೀರಿಗೆ.

ಜನವರಿ 18, ಶನಿವಾರ. ರಾತ್ರಿ

ಬೆಳಿಗ್ಗೆ "ಇವತ್ತು ನೀವು ಬೇಡ ಡ್ಯಾಡ್" ಅಂದು ಒಲಿವಿಯಾ ಅವನ ಜೊತೆ ಹೋದಳು. ಮಧ್ಯಾಹ್ನ ಇಬ್ಬರೂ ಕೂಲರ್ ಎತ್ತಿಕೊಂಡು ಬಂದರು. ಹಮೂರ್. ನನ್ನ ಕೈಯಷ್ಟುದ್ದ. ಕಿವಿರು ಇನ್ನೂ ಕೆಂಪು ಇತ್ತು.

ಸುಜಿತ್ ಎರಡೂ ಕೈಯಲ್ಲಿ ಕಾರ್ಮಿನ್‌ಗೆ ಕೊಟ್ಟ. ಅವಳು ಅತ್ತಳು.

ನಾನು ಅವನ ಶೂ ನೋಡಿದೆ. ಕರಿ ಕೆಸರು.

"ಯಾವ ಖೋರ್?"

"ನಿಮ್ಮದೇ" ಅಂದಳು ಒಲಿವಿಯಾ. "ಫಸ್ಟ್ ವೀಕೇ ನನಗೆ ಗೊತ್ತಾಯ್ತು ಡ್ಯಾಡ್. ಇವನ ಶೂನಲ್ಲಿ ಬಿಳಿ ಮಣ್ಣು. ಬಿಳಿ ಮಣ್ಣಲ್ಲಿ ಏಡಿ ಇಲ್ಲ, ಏಡಿ ಇಲ್ದಿದ್ರೆ ಮೀನಿಲ್ಲ. ನೀವೇ ಕಲಿಸಿದ್ದಲ್ವಾ?"

"ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ?"

"ನೀವು ಯಾವಾಗ ನಿಲ್ಲಿಸ್ತೀರಿ ನೋಡ್ಲಿಕ್ಕೆ."

ಸುಜಿತ್ ಅವಳನ್ನೇ ನೋಡುತ್ತಿದ್ದ. ಅವನಿಗೂ ಹೇಳಿರಲಿಲ್ಲ, ಮಾರಾಯ್ತಿ. ಅವನನ್ನು ಬಿಸಿಲಿಗೆ ಇಟ್ಟು ನನ್ನನ್ನು ಅಳೆಯುತ್ತಿದ್ದಳು. ನನ್ನದೇ ರಕ್ತ.

"ನಿಮ್ಮ ಪದ್ಧತಿ ಮುಗೀತು. ಇನ್ನು ಒಪ್ಪಿಗೆ ಕೊಡಿ" ಅಂದಳು ಒಲಿವಿಯಾ.

ಕೊಡಬಹುದಿತ್ತು. ಒಂದು ಮಾತು, ಅಷ್ಟೇ. ನಾಲಗೆ ತುದಿಯಲ್ಲೇ ಇತ್ತು. ನನ್ನ ಖೋರಿನ ಮೀನು ನನ್ನ ಮೇಜಿನ ಮೇಲೆ ಬಾಯಿ ತೆರೆದುಕೊಂಡಿತ್ತು. ಸಿಟ್ಟು ನೆತ್ತಿಗೇರಿತು.

"ಅಂಥ ಪದ್ಧತಿ ಇಲ್ಲವೇ ಇಲ್ಲ" ಅಂದೆ. "ಸುಮ್ಮನೆ ಹೇಳಿದ್ದು. ಕ್ಯಾಥೊಲಿಕ್ ಹುಡುಗ ಆಗಿದ್ರೆ ಅವತ್ತೇ ನಗ್ತಿದ್ದ."

ಸುಜಿತ್ ಕೂತ. ಹೆಬ್ಬೆರಳಿನ ಕಲೆ ಉಜ್ಜಿಕೊಂಡ.

"ಖಲಾಸ್" ಅಂದಳು ಒಲಿವಿಯಾ. ಅವನ ಕೈ ಹಿಡಿದು ಎಬ್ಬಿಸಿ ಕರೆದುಕೊಂಡು ಹೋದಳು.

ಕಾರ್ಮಿನ್ ಮೀನು ಮುಟ್ಟಲಿಲ್ಲ. ನನ್ನ ಕೈಯಿಂದಲೇ ಕಸಕ್ಕೆ ಹಾಕಿಸಿದಳು.

ಫೆಬ್ರವರಿ 20

ಅಬುಧಾಬಿ ಕೋರ್ಟಿನಲ್ಲಿ ಇಬ್ಬರ ಮದುವೆ ಆಯಿತಂತೆ. ಕಾರ್ಮಿನ್ ಹೋಗಿಬಂದಳು. ನನಗೆ ಹೇಳಿದ್ದು ಬಂದ ಮೇಲೆ. ತಲೆಯಲ್ಲಿ ಮಲ್ಲಿಗೆ ಇತ್ತು. ತೆಗೆದು ಫ್ರಿಜ್ಜಿನಲ್ಲಿಟ್ಟಳು.

ಫೆಬ್ರವರಿ 21

ನಮ್ಮ ಗಾಳದವರ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ. ಹಮೂರ್ ಹಿಡಿದ ಸುಜಿತ್. ಹಾಕಿದ್ದು ಒಲಿವಿಯಾ. ಕೆಳಗೆ — "ನನ್ನ ಡ್ಯಾಡ್ ಜುವಾಕಿಂ ಕಾಪಾಡಿಕೊಂಡು ಬಂದ ಜಾಗ. ಎಲ್ಲರೂ ಬನ್ನಿ." ಅದರ ಕೆಳಗೆ ಲೊಕೇಶನ್ ಪಿನ್.

ಅದಕ್ಕೆಷ್ಟು ಲೈಕು, ಹಾರ್ಟು. ನಾನು ಕೆಲಸ ಮಾಡುವ ವರ್ಕ್‌ಶಾಪಿನ ಉಮರ್ ಕೂಡ ಕೇಳಿದ, "ಏನು ಜುವಾಕಿಂ ಭಾಯ್, ಇಷ್ಟು ದಿನ ಮುಚ್ಚಿಟ್ಟಿದ್ರಾ?"

ಮಾರ್ಚ್ 1, ಶನಿವಾರ

ಕಾರು ನಿಲ್ಲಿಸಲಿಕ್ಕೂ ಜಾಗವಿಲ್ಲ. ಸ್ಪೀಕರ್ ಹಾಕಿ ಬಾರ್ಬೆಕ್ಯೂ ಮಾಡುತ್ತಿದ್ದಾರೆ. ಕಾಂಡ್ಲಾ ಬೇರಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿದೆ. ಬೆಳ್ಳಕ್ಕಿ ಇಲ್ಲ. ಯಾರೋ ನನಗೇ ಹೇಳಿದ, "ಅಂಕಲ್, ಲೇಟಾಯ್ತು, ಜಾಗ ಫುಲ್."

ತಿರುಗಿಸಿಕೊಂಡು ಬಂದೆ. ಎಲ್ಲಿಗೆ ಹೋಗುವುದು? ಖಾಲಿ ಇರುವುದು ಒಂದೇ.

ಬಿಳಿ ಮಣ್ಣು. ಆ ಎರಡು ಕಲ್ಲು ಹಾಗೆಯೇ ಇದ್ದವು. ನನಗೆ ಅಂತ ಇಟ್ಟದ್ದರ ಮೇಲೆ ಕೂತೆ. ಗಾಳ ಹಾಕಿದೆ. ಇಲ್ಲೇ ಕೂತು ಬರೆಯುತ್ತಿದ್ದೇನೆ.

ಒಲಿವಿಯಾಗೆ ಮೆಸೇಜ್ ಹಾಕಿದೆ: "ಬಿಳಿ ಮಣ್ಣಿನ ಖೋರಿನಲ್ಲಿದ್ದೇನೆ ಮಗಳೇ. ಮೀನಿಲ್ಲ ಅಂತ ಗೊತ್ತುಂಟು. ಮನೆಗೆ ಬಾ. ಅವನನ್ನೂ ಕರೆದುಕೊಂಡು ಬಾ."

ನೀಲಿ ಟಿಕ್ ಬಿತ್ತು. ಟೈಪಿಂಗ್ ಅಂತ ತೋರಿಸಿತು. ನಿಂತಿತು. ಮತ್ತೆ ತೋರಿಸಿತು.

"ಎಷ್ಟು ದಿನ ಕೂರ್ತೀರಿ ನೋಡುವ ಡ್ಯಾಡ್."

ಸುಜಿತ್ ಚಳಿಗಾಲವಿಡೀ ಕೂತಿದ್ದ. ನಾನು ಕಲ್ಲಿನ ಮೇಲೆ ಸರಿಯಾಗಿ ಕೂತು ಮತ್ತೆ ಗಾಳ ಎಸೆದೆ.