ಲಾಲಬಿಯ ಹೆಸರಿನ ಫೋನು

ಸಿಂದಗಿ
೮ ಡಿಸೆಂಬರ್ ೨೦೦೯

ಪ್ರೀತಿಯ ವಸುಧಾ,

ಇ-ಮೇಲ್ ಬಿಟ್ಟು ಅಂಚೆಗೆ ಬಂದಳು ಎಂದು ನಗಬೇಡ. ನನ್ನ ಕಂಪ್ಯೂಟರನ್ನು ಶುಕ್ರವಾರ ಪೊಲೀಸರು ಒಯ್ದಿದ್ದಾರೆ. ಮುದ್ದೇಬಿಹಾಳದ ನಿನ್ನ ಮನೆಯಲ್ಲೂ ಒಂದು ರಿಲೇ ನಡೆಸುವುದು ಹೇಗೆಂದು ಕೇಳಿದ್ದೆಯಲ್ಲ, ಅದಕ್ಕೆ ಇದು ಉತ್ತರ. ಪೂರ್ತಿ ಓದಿ ನಿರ್ಧರಿಸು.

ನನ್ನ ನಂಬಿಕೆ ಬದಲಾಗಿಲ್ಲ. ಊರ ಗೌಡರ ಮೇಲೆ ದೂರು ಬರೆಯುವವಳಿಗೆ, ಗಂಡನಿಗೆ ಗೊತ್ತಾಗದಂತೆ ವಕೀಲರನ್ನು ಹುಡುಕುವವಳಿಗೆ, ಹೆಸರು ಹೇಳದೆ ಇಂಟರ್ನೆಟ್ಟಿನಲ್ಲಿ ಓಡಾಡುವ ಹಕ್ಕಿದೆ. ಅವರ ಸಂದೇಶ ನಮ್ಮಂಥವರು ರಿಲೇಗೆಂದು ತೆರೆದಿಟ್ಟ ಮೂರು ಕಂಪ್ಯೂಟರುಗಳನ್ನು ದಾಟಿ ಹೋಗುತ್ತದೆ. ಎಲ್ಲಿಂದ ಹೊರಟಿತು ಎಂಬುದು ಕೊನೆಯದಕ್ಕೂ ತಿಳಿಯುವುದಿಲ್ಲ. ನನ್ನದು ಆ ಕೊನೆಯ ಬಾಗಿಲು. ಹೊರಗಿನವರಿಗೆ ಕಾಣುವುದು ಅದರ ವಿಳಾಸ ಮಾತ್ರ.

ಯಾರೋ ಒಬ್ಬ ಆ ಬಾಗಿಲಿನಿಂದ ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿಗೆ ಬೆದರಿಕೆ ಕಳಿಸಿದ. ಆ ಮನುಷ್ಯ ಹೆದರಿ ಮಗಳನ್ನು ಶಾಲೆ ಬಿಡಿಸಿದ್ದಾನಂತೆ. ಈ ಹಕ್ಕಿನ ಬಗ್ಗೆ ನಾವು ಊರೂರಿಗೆ ಹಂಚುವ ಕರಪತ್ರಗಳಲ್ಲಿ ಇಂಥದ್ದನ್ನು ಬರೆದಿರಲಿಲ್ಲ. ಪೊಲೀಸರು ವಿಳಾಸ ಹಿಡಿದು ಫೋನ್ ಕಂಪನಿಯನ್ನು ಕೇಳಿದರು. ಕಂಪನಿ ಲಾಲಬಿಯ ಹೆಸರು ಕೊಟ್ಟಿತು.

ಲಾಲಬಿ ನನ್ನ ಮನೆ ಮಾಲಕಿ, ವಯಸ್ಸಾದವರು, ಹೆಂಗಸರ ಜಂಪರು-ಲಂಗ ಹೊಲಿಯುತ್ತಾರೆ. ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತೇ ಇದೆ: ಫೋನು ಮನೆ ಮಾಲಕರ ಹೆಸರಿನಲ್ಲಿ, ಬಿಲ್ಲು ಬಾಡಿಗೆಯವರ ಪಾಲಿಗೆ. ಅದೇ ಫೋನಿಗೆ ನಾನು ಬ್ರಾಡ್‌ಬ್ಯಾಂಡ್ ಹಾಕಿಸಿ, ಅವರ ಪಡಸಾಲೆಯಲ್ಲಿಯೇ ಕಂಪ್ಯೂಟರ್ ಇಟ್ಟೆ. ಹೆಸರಿಲ್ಲದವರಿಗೆ ದಾರಿ ಬಿಡಲು ಹೊರಟವಳು ಅವರ ಹೆಸರನ್ನು ಕೇಳದೆಯೇ ಬಳಸಿದ್ದೆ.

ಶುಕ್ರವಾರ ನಾನು ಕರಪತ್ರ ಹಂಚಲು ಬಸವನ ಬಾಗೇವಾಡಿಗೆ ಹೋಗಿದ್ದೆ. ಬಂದು ನೋಡಿದರೆ ಮೇಜು ಖಾಲಿ. ಲಾಲಬಿಯನ್ನು ಠಾಣೆಗೆ ಕರೆಸಿ ಕಳಿಸಿದ್ದರು. ನನ್ನ ಹೆಸರನ್ನು ಯಾಕೆ ಹೇಳಲಿಲ್ಲವೆಂದು ಕೇಳಿದೆ. ಸೂಜಿಗೆ ದಾರ ಪೋಣಿಸುತ್ತಲೇ, "ಮದವಿ ಆಗದ ಹುಡಿಗಿ ಹೆಸರು ಠಾಣೇದಾಗ ತಗೀತಾರೇನವಾ? ಫೋನ್ ಯಾರದು ಅಂದ್ರು, ನಂದ ಅಂದೆ. ಮಷಿನ್ ಯಾರದು ಅಂದ್ರು, ಅದೂ ನಂದ ಅಂದೆ" ಅಂದರು. ಅದರಲ್ಲಿ ಏನು ಮಾಡುತ್ತೀ ಎಂದೂ ಕೇಳಿದರಂತೆ. "ಜಂಪರಿನ ಹೊಸಾ ಡಿಸೈನ್ ನೋಡ್ತೇನ್ರಿ ಅಂದೆ. ಫೌಜದಾರ ನಕ್ಕ. ನಗಲಿ ಬಿಡು."

ನಕ್ಕವನೇ ಈ ಗುರುವಾರ ಮತ್ತೆ ಬರಬೇಕೆಂದು ಅವರಿಗೆ ನೋಟಿಸು ಕೊಟ್ಟಿದ್ದಾನೆ.

ಭಾನುವಾರ ಇಂಡಿಗೆ ಹೋಗಿ ನಿಮ್ಮ ವಕೀಲ ಕಾಕಾ ಶ್ರೀವಲ್ಲಭರನ್ನು ಕಂಡೆ. ಬರೀ ಸಂದೇಶ ದಾಟಿಸುವವರಿಗೆ ಕಾಯ್ದೆಯಲ್ಲಿ ರಕ್ಷಣೆ ಇದೆಯೆಂದು ವಾದಿಸಿದೆ. ಅಕ್ಟೋಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಯನ್ನೂ ತೋರಿಸಿದೆ. "ಅದು ಕಂಪನಿ ಮಂದಿನ್ನ ನೆನಸಿ ಬರದದ್ದವಾ. ನಿನಗೂ ಹತ್ತತದೋ ಇಲ್ಲೋ, ನನಗ ತಿಳದಮಟ್ಟಿಗೆ ಯಾವ ಕೋರ್ಟೂ ಹೇಳಿಲ್ಲ. ಹೇಳೂತನಕಾ ಆ ಮುದುಕಿನ್ನ ಎಲ್ಲೆ ಕೂಡಸ್ತಿ?" ಅಂದರು. ಓಡಾಡಿದವರ ದಾಖಲೆ ಇಡದಿರುವುದು ನಮಗೆ ತತ್ವ, ಪೊಲೀಸರ ಕಣ್ಣಿಗೆ ಸಾಕ್ಷ್ಯ ಅಳಿಸಿದ ಹಾಗೆ. ಸಂಪರ್ಕವನ್ನು ಪರರಿಗೆ ಹಂಚಬಾರದೆಂದು ಫೋನಿನ ಕರಾರಿನಲ್ಲಿಯೂ ಇದೆ. ಅದಕ್ಕೆ ಸಹಿ ಮಾಡಿದವರು ಲಾಲಬಿ.

ಏಳುವಾಗ ಕಾಕಾ ದನಿ ತಗ್ಗಿಸಿ, "ಸುಮ್ಮನಿದ್ರ ನಿನ್ನ ತನಕಾ ಬರೂದಿಲ್ಲ ನೋಡು" ಅಂದರು. ಅದು ನಿಜ. ನಾನು ಬಾಯಿ ಬಿಡದಿದ್ದರೆ ಎಲ್ಲವೂ ಲಾಲಬಿಯ ಮೇಲೆ ನಿಲ್ಲುತ್ತದೆ. ಆದ್ದರಿಂದ ಗುರುವಾರ ನಾನೇ ಹೋಗಿ ಹೇಳುತ್ತೇನೆ. ಹೆದರಿಕೆಯೇನಿಲ್ಲ.

ನೀನು ನಡೆಸುವುದಾದರೆ ಕೊನೆಯ ಬಾಗಿಲಾಗಬೇಡ, ನಡುವಿನ ಕೊಂಡಿಯಾಗು; ಅದರ ವಿಳಾಸ ಹೊರಗಿನವರಿಗೆ ಕಾಣುವುದಿಲ್ಲ. ಸಂಪರ್ಕ ನಿನ್ನ ಹೆಸರಿನಲ್ಲಿಯೇ ಇರಲಿ. ಮನೆಯವರಿಗೆ ಮೊದಲು ಹೇಳು. ಹೇಳಲು ಬಾಯಿ ಬರದಿದ್ದರೆ ಶುರುಮಾಡಬೇಡ.

ಕರಪತ್ರಗಳ ಕೆಳಗೆ ನನ್ನ ಹೆಸರಿನ ಬದಲು ಹಾಕುತ್ತಿದ್ದ 'ಒಬ್ಬ ನಾಗರಿಕಳು' ಎಂಬ ಸಹಿ ಇನ್ನು ಸಾಕು.

ನಿನ್ನ ಗೆಳತಿ,
ಭುವನೇಶ್ವರಿ ಬಸಂತರಾಯ ಬಿರಾದಾರ

ತಾಜಾ ಕಲಂ: ಲಾಲಬಿಗೆ ಈಗಷ್ಟೇ ಹೇಳಿದೆ. ಚೆನ್ನಾಗಿ ಬೈದರು. ಆಮೇಲೆ ನನ್ನ ಅಳತೆ ತೆಗೆದುಕೊಂಡು ಜಂಪರ್ ಹೊಲಿಯಲು ಕೂತಿದ್ದಾರೆ. "ಇಬ್ರೂ ಹೋಗೂಣು. ಅಲ್ಲಿ ನಾಕ ಮಂದಿ ನೋಡ್ತಾರ, ಹರಕ ತೋಳಿಲೇ ಬರಬ್ಯಾಡ" ಅಂದರು. ಬೇಡವೆನ್ನಲು ನನಗೆ ಆಗಲಿಲ್ಲ. ಭಾನುವಾರ ಇಂಡಿಯಲ್ಲಿ ಅವ್ವನ ಕೈಯ ರೊಟ್ಟಿ ಉಂಡು ಬಂದೆ, ಅವಳಿಗೆ ಏನೂ ಹೇಳಲಿಲ್ಲ. ಶನಿವಾರದೊಳಗೆ ನಾನು ಫೋನ್ ಮಾಡದಿದ್ದರೆ ನೀನೇ ಹೋಗಿ ಅವಳ ಹತ್ತಿರ ಕೂಡು.