ಮೂಳೆಯ ಮಾತು ಯಾರೂ ಎತ್ತಲಿಲ್ಲ

ಆರೋಗ್ಯ ಇಲಾಖೆಯ ಮುಖ್ಯಾಧಿಕಾರಿಗಳೇ,

ನಿಮ್ಮ ಅಧೀನದ ಆಸ್ಪತ್ರೆಯಲ್ಲಿ ನನ್ನ ಅಕ್ಕನ ಗರ್ಭಕೋಶ ತೆಗೆದರು. ಜೊತೆಗೆ, ಯಾವ ರೋಗವೂ ಇಲ್ಲದ ಎರಡೂ ಅಂಡಾಶಯಗಳನ್ನು ತೆಗೆದರು. ಆಗ ಅವಳಿಗೆ ಮೂವತ್ತಾರು. ಇದರಿಂದ ಮೂಳೆ ಸವೆಯುತ್ತದೆಂದು ಯಾರೂ ಬಾಯಿಬಿಡಲಿಲ್ಲ. ನನ್ನ ದೂರು ಇಷ್ಟೇ. ಕೂಗಾಡುವ ಶಕ್ತಿ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ ಬಸ್ ಕಂಡಕ್ಟರ್. ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿದು ಕೊಡುತ್ತಿದ್ದವಳು. ತಿಂಗಳ ಸ್ರಾವ ವಿಪರೀತವಾಗಿ, ಪಾಳಿಯ ನಡುವೆ ಶೌಚಾಲಯ ಹುಡುಕಿ ಹುಡುಕಿ ಸೋತು ಆಸ್ಪತ್ರೆಗೆ ಹೋದಳು. "ಮಕ್ಕಳಾಗಿವೆಯಲ್ಲಮ್ಮ, ಇನ್ಯಾಕೆ ಇಟ್ಕೋತೀರಿ? ತೆಗೆಸಿಬಿಡಿ, ತಲೆನೋವೇ ಇರಲ್ಲ" ಎಂದರು ವೈದ್ಯರು. ತಲೆನೋವು ಬರಲಿಲ್ಲ, ನಿಜ. ಮಾತಿಗೆ ತಪ್ಪಿದರು ಎನ್ನಲಾರೆ. ಬಂದದ್ದು ಮೈಯೊಳಗೆ ಒಲೆ ಉರಿದಂಥ ಬಿಸಿ, ಬೆವರು, ನಿದ್ದೆಗೆಟ್ಟ ಕಣ್ಣು. ಮುಟ್ಟು ನಿಲ್ಲುವ ಕಾಲ ಅವಳಿಗೆ ಮೆಲ್ಲಗೆ ಬರಲಿಲ್ಲ, ಬಾಗಿಲು ಒದ್ದು ಬಂತು. ಕೇಳಲು ಹೋದರೆ "ಒಗ್ಗಿಹೋಗುತ್ತೆ ಬಿಡಿ" ಎಂದು ಕಳಿಸಿದರು.

ಕೆಲವು ವರ್ಷಗಳ ನಂತರ ಡ್ರೈವರ್ ಬ್ರೇಕ್ ಹಾಕಿದಾಗ ಅಕ್ಕ ಸೀಟಿಗೆ ಕೈ ಊರಿದಳು. ಬಸ್ಸಿನಲ್ಲಿದ್ದ ಮುದುಕರಿಗೂ ಏನೂ ಆಗಲಿಲ್ಲ. ಇವಳ ಮಣಿಕಟ್ಟು ಮುರಿಯಿತು. ಅದು ಕೂಡಿಕೊಂಡ ಮೇಲೆ, ಮನೆಯಲ್ಲಿ ಹಾಸಿಗೆ ಮಡಚಲು ಬಗ್ಗಿದವಳಿಗೆ ಮೇಲೇಳಲಾಗಲಿಲ್ಲ. ಬೆನ್ನೆಲುಬಿನ ಒಂದು ಮೂಳೆ ಕುಸಿದಿತ್ತು. ಎಲುಬಿನ ವೈದ್ಯರು ಎಕ್ಸ್‌ರೇ ನೋಡಿ, "ಆಪರೇಷನ್ ಆದ್ಮೇಲೆ ಮೂಳೆಗೆ ಅಂತ ಏನಾದ್ರೂ ಕೊಟ್ಟಿದ್ರಾ?" ಎಂದರು.

"ಕೊಟ್ಟಿದ್ರಲ್ಲ, ಧೈರ್ಯ" ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಮುದುಕಿ ಆಗೋಕೆ ನಾನೇನು ಅರ್ಜಿ ಹಾಕಿದ್ನೇನೇ?" ಎಂದಳು. ಇಬ್ಬರೂ ನಕ್ಕೆವು. ನಗುವಾಗ ಅವಳು ಬೆನ್ನು ಹಿಡಿದುಕೊಂಡಿದ್ದಳು. ಈಗ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಡಿಪೋದ ಮೂಲೆಯಲ್ಲಿ ಕೂತು, ಪ್ರಯಾಣಿಕರು ಮರೆತುಹೋದ ಕೊಡೆ, ಚೀಲಗಳನ್ನು ಕಾಯುತ್ತಾಳೆ.

ಕಳೆದ ತಿಂಗಳು ಅದೇ ಆಸ್ಪತ್ರೆಯಲ್ಲಿ ನನಗೂ ಅದೇ ಸಲಹೆ. ಗರ್ಭಕೋಶದಲ್ಲಿ ಗಡ್ಡೆಯಂತೆ.

"ಅಂಡಾಶಯ ಚೆನ್ನಾಗಿದ್ರೆ ಬಿಡ್ತೀರಾ ಡಾಕ್ಟ್ರೇ?" ಎಂದೆ.

"ಮುಂದೆ ಕ್ಯಾನ್ಸರ್ ಬಂದ್ರೆ? ಒಟ್ಟಿಗೆ ತೆಗೆದುಬಿಡೋದೇ ವಾಸಿ."

"ಮೂಳೆ ಸವೆದ್ರೆ?"

"ಅದು ಬೇರೆ ವಿಭಾಗ."

ಮಾನ್ಯರೇ, ನನ್ನ ಮೈಯಲ್ಲಿ ವಿಭಾಗಗಳಿಲ್ಲ. ಎದ್ದು ಬಂದೆ. ಬೇರೊಬ್ಬ ವೈದ್ಯೆ ಪರೀಕ್ಷಿಸಿ, ಗಡ್ಡೆ ಚಿಕ್ಕದೆಂದು ಮದ್ದು ಕೊಟ್ಟರು. ಸ್ರಾವ ಹತೋಟಿಗೆ ಬಂದಿದೆ. ಮುಂದೆ ಗರ್ಭಕೋಶ ತೆಗೆಯಬೇಕಾಗಿ ಬಂದರೂ ಅಂಡಾಶಯ ಉಳಿಸಿಕೊಳ್ಳಬಹುದು ಎಂದರು. ಇಷ್ಟು ಹೇಳಲು ಅವರಿಗೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಹಿಡಿಯಿತು. ಅಕ್ಕನಿಗೆ ಅಷ್ಟು ಹೊತ್ತೂ ಕೊಡಲಾಗದ ಅವಸರ ಯಾರಿಗಿತ್ತು?

ಶಸ್ತ್ರಚಿಕಿತ್ಸೆಯೇ ಬೇಡವೆನ್ನುವ ಮೂರ್ಖಳಲ್ಲ ನಾನು. ಕತ್ತರಿಸುವ ಮುನ್ನ ಬೇರೆ ದಾರಿ ಉಂಟೇ ಎಂದು ಹೆಂಗಸಿಗೆ ತಿಳಿಯುವ ಮಾತಿನಲ್ಲಿ ಹೇಳಿಸಿ. ಚೆನ್ನಾಗಿರುವ ಅಂಡಾಶಯವನ್ನು ಅವಳನ್ನು ಕೇಳದೆ ಮುಟ್ಟದಂತೆ ಆದೇಶಿಸಿ. ತೆಗೆಯಲೇಬೇಕಾಗಿ ಬಂದವರ ಮೂಳೆಯನ್ನು, ಅದು ಮುರಿಯುವ ಮೊದಲೇ ಪರೀಕ್ಷೆ ಮಾಡಿಸಿ, ಔಷಧ ಕೊಡಿಸಿ.

ಇದನ್ನು ಓದಿದ ಅಕ್ಕ, "ಉತ್ತರ ಬರುತ್ತೆ ಅಂತ ಕಾಯ್ತಾ ಕೂರಬೇಡ ಕಣೇ, ನಿನಗೂ ವಯಸ್ಸಾಗಿಹೋಗುತ್ತೆ" ಎಂದಳು. ಅವಳ ಮಾತನ್ನು ಒಮ್ಮೆಯಾದರೂ ಸುಳ್ಳು ಮಾಡಿ.

ಇಂತಿ,
ಸದ್ಯಕ್ಕೆ ಇಡಿಯಾಗಿರುವ,
ಕಂಡಕ್ಟರಮ್ಮನ ತಂಗಿ