ಚಿಕ್ಕಮ್ಮ ಎಳೆದ ಒಂದು ಗೆರೆ

ಮಂಗಳವಾರ, ಅಕ್ಟೋಬರ್ ೧೪

ಇವತ್ತು ಚಿಕ್ಕಮ್ಮನ ಫೋನ್ ಬಂದಿತ್ತು.

ಕಾಲೇಜಿನ ಸೀನಿಯರ್‌ಗಳು ನಡೆಸುವ, ನಾನೂ ಕೈಜೋಡಿಸಿರುವ ಚಿತ್ರಕಲೆಯ ಆ್ಯಪ್‌ಗೆ ತಿಂಗಳ ಚಂದಾ ಶುರುವಾದಾಗ, ಜನ ದಿನಾ ಬರುವಂತೆ ಮಾಡುವ ಐಡಿಯಾ ಕೊಟ್ಟವಳು ನಾನೇ. ಹಾಸ್ಟೆಲಿನ ಹಾಜರಿ ಪಟ್ಟಿಯಿಂದ ಕದ್ದದ್ದು: ಒಂದು ದಿನ ತಪ್ಪಿದರೂ ಹೆಸರಿನ ಮುಂದೆ ಕೆಂಪು ಚುಕ್ಕೆ, ಎಣಿಕೆ ಮತ್ತೆ ಸೊನ್ನೆಯಿಂದ. ಆ ಚುಕ್ಕೆಯ ಭಯಕ್ಕೇ ಏಳು ವರ್ಷ ಓದಿದವಳು ನಾನು. ಮೀಟಿಂಗಿನಲ್ಲಿ ಎಲ್ಲರೂ ಸೂಪರ್ ಅಂದರು, ಉಬ್ಬಿಹೋದೆ. ಮನಸ್ಸು ಬಂದಾಗ ಔಷಧಿ ಚೀಟಿಯ ಹಿಂದೆಲ್ಲ ಬೆಕ್ಕು ಬಿಡಿಸುತ್ತಿದ್ದ ಚಿಕ್ಕಮ್ಮನನ್ನೂ ಸೇರಿಸಿಬಿಟ್ಟೆ.

"ನಿನ್ನೆ ತಲೆ ಎತ್ತೋಕಾಗದಷ್ಟು ಜ್ವರ ಕಣೇ. ದಿನದ ಚಿತ್ರ ಅಂತ ಆ್ಯಪ್‌ಗೆ ಒಂದು ಗೆರೆ ಎಳೆದು ಕಳಿಸ್ಬಿಟ್ಟೆ. ನಲವತ್ತೊಂದು ದಿನ ಆಯ್ತು, ಮಧ್ಯ ಬಿಟ್ರೆ ನಿನ್ ಮರ್ಯಾದೆ ಹೋಗಲ್ವಾ?" ಎಂದು ನಕ್ಕಳು.

"ಬೆಕ್ಕು ಬಿಡಿಸ್ತಿದ್ದೀಯಾ?"

"ಅದಕ್ಕೆಲ್ಲಿ ಪುರುಸೊತ್ತು? ದಿನದ ಪಾಠ ಮುಗಿಸೋಷ್ಟರಲ್ಲಿ ಸಾಕಾಗಿರುತ್ತೆ." ಆಮೇಲೆ ಮೆಲ್ಲಗೆ ಕೇಳಿದಳು, "ಎಷ್ಟು ದಿನ ಆದ್ಮೇಲೆ ಬಿಡಬಹುದು, ಪುಟ್ಟಿ?"

ಸಾರಿ ಅನ್ನುವ ಬದಲು ಕೇಳಿ ಹೇಳ್ತೀನಿ ಅಂದುಬಿಟ್ಟೆ. ಯಾರನ್ನು ಕೇಳಲಿ? ಒಂದೊಂದು ಸ್ಕ್ರೀನನ್ನೂ ಪ್ಲಾನ್ ಮಾಡಿದ್ದು ನಾವೇ. ಇನ್ನು ಸಾಕು ಅನ್ನುವ ಸ್ಕ್ರೀನ್ ಬೇಕು ಅಂತ ಯಾರಿಗೂ ಹೊಳೆಯಲಿಲ್ಲ, ನನಗಂತೂ ಇಲ್ಲವೇ ಇಲ್ಲ.